ಹತ್ತು ಗಂಟೆಯ ಚೌಕ

ಅವಳಿಗೆ ಬುಗುರಿ ಎಂದು ಹೆಸರಿಟ್ಟವರು ಏಳನೇ ಕೋಣೆಯ ಮೇಷ್ಟ್ರು. ನಲವತ್ತು ವರ್ಷ ಗಣಿತ ಕಲಿಸಿ, ಈಗ ಹಿರಿಯರ ಆರೈಕೆಗೆಂದಿದ್ದ ಆ ಎರಡಂತಸ್ತಿನ ಮನೆಯಲ್ಲಿ ಕಿಟಕಿ ಪಕ್ಕದ ಮಂಚ ಹಿಡಿದಿದ್ದ ಅವರಿಗೆ ಕಂಡವರಿಗೆಲ್ಲ ಒಂದೊಂದು ಹೆಸರು ಇಡದಿದ್ದರೆ ನಿದ್ದೆ ಬರುತ್ತಿರಲಿಲ್ಲ. "ಇವಳು ಒಂದು ಕಡೆ ನಿಂತದ್ದನ್ನ ನಾನು ನೋಡಿಲ್ಲ. ನಿಂತರೆ ಬಿದ್ದುಬಿಡ್ತಾಳೋ ಏನೋ" ಎಂದಿದ್ದರು. ಹೆಸರು ಅಂಟಿಕೊಂಡಿತು. ಚಿಕ್ಕವರು ಬುಗುರಿಯಕ್ಕ ಎಂದರು, ಮುದುಕರು ಬುಗುರಿ ಎಂದರು, ಸಂಬಳದ ದಿನ ಬಿಟ್ಟರೆ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅವಳು ಈ ಕೆಲಸವನ್ನು ಯಾವ ಶಾಲೆಯಲ್ಲೂ ಕಲಿತವಳಲ್ಲ. ಮದುವೆಯಾದ ಎರಡನೇ ವರ್ಷಕ್ಕೆ ಅತ್ತೆ ಹಾಸಿಗೆ ಹಿಡಿದರು. ಆರು ವರ್ಷ ಅವರನ್ನು ಎತ್ತಿ, ತಿರುಗಿಸಿ, ತೊಳೆದು, ಉಣ್ಣಿಸಿ ಕಲಿತದ್ದು. ಅತ್ತೆ ತೀರಿಕೊಂಡ ಮೇಲೆ ಕೈ ಸುಮ್ಮನಿರಲಿಲ್ಲ, ಹೊಟ್ಟೆಪಾಡೂ ಇತ್ತು. ಈ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು. ಮಲಗಿದವರ ಹೊದಿಕೆ ಎತ್ತದೆಯೇ, ಉಸಿರಾಟ ಕೇಳಿ, ಇವರಿಗೆ ಸೊಂಟ ನೋಯುತ್ತಿದೆ, ಇವರಿಗೆ ಬಾಯಾರಿಕೆಯಾಗಿದೆ ಎಂದು ಹೇಳಬಲ್ಲವಳಾಗಿದ್ದಳು. ಬಲಭುಜ ಮಾತ್ರ ಮಳೆಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಸಮನೆ ನೋಯುತ್ತಿತ್ತು.

ಕೆಳಮಹಡಿಯಲ್ಲಿ ಹದಿನೆಂಟು ಮಂದಿ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ಪಾಳಿಗೆ ಬುಗುರಿ ಮತ್ತು ಅವಳಿಗಿಂತ ಹತ್ತು ವರ್ಷ ಚಿಕ್ಕವಳಾದ ಇನ್ನೊಬ್ಬ ಆಯಾ. ಅವಳನ್ನು ಎಲ್ಲರೂ ಕಿರಿಯವಳು ಎನ್ನುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಬ್ಬ ಹೆಂಗಸು ಬಂದು, ತಾವೇ ತಿನ್ನಲಾರದವರಿಗೆ ತಿನ್ನಿಸಿ ಹೋಗುತ್ತಿದ್ದಳು. ಅಷ್ಟೇ.

ಇಬ್ಬರಿಂದ ನಡೆಯುವುದಿಲ್ಲ ಎಂಬುದಕ್ಕೆ ನಾಲ್ಕನೇ ಕೋಣೆಯ ದರ್ಜಿ ಅಜ್ಜಿಯೇ ಸಾಕ್ಷಿ. ಒಂದು ಕಾಲದಲ್ಲಿ ಊರಿನ ಅರ್ಧ ಹೆಂಗಸರ ರವಿಕೆ ಹೊಲಿದ ಕೈಗಳು ಈಗ ಹೊದಿಕೆಯ ಅಂಚನ್ನು ಹಿಡಿದು, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುತ್ತಿದ್ದವು. ಅಜ್ಜಿ ತಾನಾಗಿ ಮಗ್ಗುಲು ಬದಲಿಸಲಾರಳು. ಎರಡು ಗಂಟೆಗೊಮ್ಮೆ ತಿರುಗಿಸಬೇಕು. ಇಲ್ಲದಿದ್ದರೆ ಹಾಸಿಗೆ ಹುಣ್ಣು. ಭಾರದ ಮೈ, ಮುರಿದು ಕೂಡಿದ ಸೊಂಟ; ತಿರುಗಿಸಲು ನಾಲ್ಕು ಕೈ ಬೇಕೇ ಬೇಕು. ಎಂಟಕ್ಕೆ ತಿರುಗಿಸುತ್ತಿದ್ದರು, ಹನ್ನೆರಡಕ್ಕೆ ತಿರುಗಿಸುತ್ತಿದ್ದರು. ಹತ್ತು ಗಂಟೆ ಸ್ನಾನದ ಹೊತ್ತು. ಒಬ್ಬಳು ಸ್ನಾನದ ಮನೆಯಲ್ಲಿ ಯಾರನ್ನೋ ಒದ್ದೆ ಮೈಯಲ್ಲಿ ಹಿಡಿದು ನಿಂತಿದ್ದರೆ, ಇನ್ನೊಬ್ಬಳು ಕರೆಗಂಟೆಗಳ ಹಿಂದೆ ಓಡುತ್ತಿದ್ದಳು. ಅಂತಹ ಒಂದು ಹತ್ತು ಗಂಟೆಗೇ ಮೇಷ್ಟ್ರು, ಗಂಟೆ ಒತ್ತಿ ಒತ್ತಿ ಸಾಕಾಗಿ, ತಾವೇ ಎದ್ದು ಬಚ್ಚಲಿಗೆ ಹೊರಟು ಬಾಗಿಲಲ್ಲಿ ಬಿದ್ದದ್ದು. ಹಣೆಗೆ ಐದು ಹೊಲಿಗೆ ಬಿತ್ತು. "ಹನ್ನೆರಡು ನಿಮಿಷ ಕಾದೆ ಬುಗುರಿ. ಅದಕ್ಕಿಂತ ಹೆಚ್ಚು ಕಾಯೋ ವಯಸ್ಸಲ್ಲ ನನ್ನದು" ಎಂದರು, ತಪ್ಪು ತಮ್ಮದೇ ಎಂಬಂತೆ.

ಅಂದಿನಿಂದ ಬುಗುರಿಗೆ ಒಂದೇ ಹಠ ಹಿಡಿಯಿತು: ಬೆಳಗಿನ ಪಾಳಿಗೆ ಮೂರನೆಯ ಆಳು ಬೇಕು. ಮ್ಯಾನೇಜರರ ಕೋಣೆಗೆ ನಾಲ್ಕು ಸಲ ಹೋದಳು. ಅವರು ಕೆಟ್ಟವರಲ್ಲ. ಮೇಲಿನವರಿಗೆ ಹೆದರಿ, ಕೆಳಗಿನವರಿಗೆ ನಾಚಿ, ದಿನವಿಡೀ ಟೈ ಸರಿಪಡಿಸಿಕೊಳ್ಳುತ್ತ ಕೂರುವ ಮನುಷ್ಯ.

"ನಾನು ಕೇಳಿದರೆ ಕೊಡ್ತಾರಾ ಅಮ್ಮಾ? ತಪಾಸಣೆಯವರು ಬರ್ತಾರಲ್ಲ, ಅವರ ವರದೀಲಿ 'ಸಿಬ್ಬಂದಿ ಸಾಲದು' ಅಂತ ಒಂದು ಗೆರೆ ಬಿದ್ದರೆ ಸಾಕು. ಮಾಲೀಕರು ಮರುದಿನವೇ ಆಳು ಕಳಿಸ್ತಾರೆ. ಅವರಿಗೆ ಆ ಕಾಗದದ ಭಯ ಬಿಟ್ಟರೆ ಬೇರೆ ಭಯ ಇಲ್ಲ."

"ಅವರು ಬಂದಾಗ ನಾನು ಹೇಳಬಹುದಾ ಸರ್?"

"ನಾನು ಕೇಳಿಸಿಕೊಂಡಿಲ್ಲ" ಎಂದು ಮ್ಯಾನೇಜರ್ ಕಿಟಕಿಯ ಕಡೆ ನೋಡಿದರು. ಅದರರ್ಥ ಹೇಳು ಎಂದೇ.

ತಪಾಸಣೆಯವರು ಹೇಳಿ ಬರುವವರಲ್ಲ. ಆದರೆ ಆರೈಕೆ ಮನೆಗಳ ಆಯಾಗಳದ್ದು ಒಂದು ಬಳಗ. ಒಬ್ಬರ ತಂಗಿ ಇನ್ನೊಂದು ಕಡೆ, ಇನ್ನೊಬ್ಬರ ನಾದಿನಿ ಮತ್ತೊಂದು ಕಡೆ. ಸೋಮವಾರ ಪಕ್ಕದ ಬಡಾವಣೆಗೆ ಬಂದಿದ್ದಾರೆ, ಬುಧವಾರ ನಿಮ್ಮದೇ ಎಂದು ಮಂಗಳವಾರ ಸಂಜೆಗೆ ಸುದ್ದಿ ಮುಟ್ಟಿತು. ಬುಗುರಿ ಮನೆಯಲ್ಲಿ ಪಾತ್ರೆ ತೊಳೆಯುತ್ತ ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ ನೋಡಿದಳು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಪಕ್ಕದಲ್ಲಿ ನಿಂತು ಅಧಿಕಾರಿಯಾದ.

"ಹೇಳಮ್ಮಾ, ಏನು ನಿನ್ನ ತೊಂದರೆ?" ಎಂದು ಗಂಟಲು ದಪ್ಪ ಮಾಡಿದ.

"ತಮಾಷೆ ಬೇಡ. ಹದಿನೆಂಟು ಜನಕ್ಕೆ ಇಬ್ಬರು. ಸಾಲಲ್ಲ. ಇಷ್ಟೇ ಹೇಳೋದು."

"ಇಷ್ಟೇನಾ? ನನ್ನ ಹತ್ತಿರ ಆದರೆ ಉಪ್ಪು ಸಾಲಲ್ಲ ಅಂತ ಹೇಳೋಕೂ ಅರ್ಧ ಗಂಟೆ ತಗೋತೀಯ."

ಬುಧವಾರ ಬುಗುರಿ ಐದು ಗಂಟೆಗೇ ಕೆಲಸಕ್ಕೆ ಬಂದಳು. ಕಿರಿಯವಳಿಗೂ ಬರಲು ಹೇಳಿದ್ದಳು. ಕಣ್ಣುಜ್ಜಿಕೊಳ್ಳುತ್ತ ಬಂದ ಕಿರಿಯವಳು ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತು ಗೊಣಗಿದಳು. "ಅಕ್ಕಾ, ಇದೇನು ಬುದ್ಧಿ? ಹೆಂಗಿದೆಯೋ ಹಂಗೇ ಬಿಟ್ಟುಬಿಡೋಣ. ಬಂದು ನೋಡಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಹಂಗಂತ ಮೇಷ್ಟ್ರನ್ನ ಒದ್ದೆ ಪಂಚೇಲಿ ಕೂರಿಸಿಡ್ಲಾ, ಬಂದೋರು ಮೂಗು ಮುಚ್ಚಿಕೊಳ್ಳಲಿ ಅಂತ? ನಾಲ್ಕು ಜನರ ಮುಂದೆ ಅವರ ಮಾನ ಹೋದರೆ ನಮಗೆ ಮೂರನೇ ಆಳು ಬಂದು ಏನು ಸುಖ? ಏಳು, ಬಿಸಿನೀರು ಹಿಡಿ."

ಏಳು ಗಂಟೆಗೆಲ್ಲ ಅರ್ಧದಷ್ಟು ಸ್ನಾನ ಮುಗಿದಿತ್ತು. ತಲೆ ಬಾಚಿ, ಉಗುರು ಕತ್ತರಿಸಿ, ಹಾಸಿಗೆಯ ಸುಕ್ಕು ಬಿಡಿಸಿ, ಪ್ರತಿ ಮಂಚದ ಪಕ್ಕ ನೀರಿನ ಲೋಟ ಇಟ್ಟಿದ್ದರು. ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಕ್ರಾಪು ನೋಡಿಕೊಂಡು, "ಯಾರು ಸಾಯ್ತಾ ಇದಾರೆ ಇವತ್ತು?" ಎಂದು ಕೇಳಿದರು.

ಏಳೂವರೆಗೆ ಅಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಸದ್ದು ಮಾಡದ ಚಪ್ಪಲಿ, ಕೈಯಲ್ಲಿ ಒಂದು ಸಣ್ಣ ಟಾರ್ಚು. ಮ್ಯಾನೇಜರ್ ಕಾಫಿ ಎಂದರು. ಅವರು ಆಮೇಲೆ ಎಂದರು. ಮೊದಲು ಹಜಾರದಲ್ಲಿ ಸುಮ್ಮನೆ ನಿಂತು ಉಸಿರೆಳೆದುಕೊಂಡರು. ಬುಗುರಿಗೆ ಅರ್ಥವಾಯಿತು: ವಾಸನೆ ನೋಡುತ್ತಿದ್ದಾರೆ. ಮೊದಲು ನರ್ಸಾಗಿದ್ದವರು ಎಂದು ಆಗಲೇ ಗೊತ್ತಾಗಿಹೋಯಿತು.

ಕಾಟಾಚಾರಕ್ಕೆ ಬಂದವರಲ್ಲ ಅವರು. ಮಲಗಿದವರ ಕಡೆಯಿಂದ ಕೈ ಚಾಚಿ, ಲೋಟ ನಿಜವಾಗಿ ಕೈಗೆಟಕುತ್ತದೆಯೇ ಎಂದು ನೋಡಿದರು. ಔಷಧಿ ಕಪಾಟಿನ ಬೀಗ ಎಳೆದು ನೋಡಿದರು. ಹದಿನೆಂಟು ಮಂದಿಯಲ್ಲಿ ನಾಲ್ವರನ್ನು ತಾವೇ ಆರಿಸಿ, ಅವರ ಫೈಲನ್ನು ಸೇರಿದ ದಿನದಿಂದ ಇಂದಿನವರೆಗೆ ಓದಿದರು. ತೂಕ ಇಳಿದಿದೆಯೇ, ಇಳಿದಾಗ ಯಾರಾದರೂ ಏನಾದರೂ ಮಾಡಿದ್ದಾರೆಯೇ ಎಂದು ಬೆರಳಿಟ್ಟು ಹುಡುಕಿದರು. ಮುದುಕರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಸಿಬ್ಬಂದಿಯನ್ನೆಲ್ಲ ಆಚೆ ಕಳಿಸಿ ಮಾತಾಡಿಸಿದರು. ಆ ನಾಲ್ವರಲ್ಲಿ ದರ್ಜಿ ಅಜ್ಜಿಯೂ ಇದ್ದಳು. ಬುಗುರಿಯ ಮನಸ್ಸು ಹಿಗ್ಗಿತು. ಸರಿಯಾದ ಕೋಣೆಗೇ ಬಂದಿದ್ದಾರೆ.

ಹತ್ತು ಗಂಟೆಗೆ ಅಧಿಕಾರಿ ನಾಲ್ಕನೇ ಕೋಣೆಯಲ್ಲೇ ಇದ್ದರು. ಸ್ನಾನದ ಕೆಲಸ ಬೇಗ ಮುಗಿದಿದ್ದರಿಂದ ಇಬ್ಬರಿಗೂ ಕೈ ಬಿಡುವಿತ್ತು. ಗಡಿಯಾರ ಹತ್ತು ತೋರಿಸಿದಾಗ ಬುಗುರಿ, ಕಿರಿಯವಳು ಎರಡೂ ಕಡೆ ನಿಂತು, "ಅಜ್ಜೀ, ಕಿಟಕಿ ಕಡೆ ಹೋಗೋಣ್ವಾ" ಎಂದು, ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿಸಿದರು. ಅಧಿಕಾರಿ ಟಾರ್ಚು ಹಾಕಿ ಬೆನ್ನಿನ ಕೆಳಭಾಗ ನೋಡಿದರು. ಅಲ್ಲಿ ಒಂದು ಕೆಂಪು ಗುರುತಿತ್ತು, ಅಂಗೈಯ ಅರ್ಧದಷ್ಟು. ಬೆರಳಲ್ಲಿ ಒತ್ತಿದರು.

"ಯಾವಾಗಿಂದ?"

"ಒಂಬತ್ತು ದಿನ ಮೇಡಂ."

"ಚರ್ಮ ಒಡೆದಿಲ್ಲ. ಬೇಗ ಕಂಡುಹಿಡಿದಿದ್ದೀರಿ" ಎಂದು ಬರೆದುಕೊಂಡರು. ಯಾಕೆ ಬಂತು ಎಂದು ಕೇಳುತ್ತಾರೆ ಎಂದು ಬುಗುರಿ ಕಾದಳು. ಅವರು ಟಾರ್ಚು ಆರಿಸಿ ಮುಂದೆ ಹೋದರು.

ಸ್ವಲ್ಪ ಹೊತ್ತಿಗೆ ಒಂಬತ್ತನೇ ಕೋಣೆಯ ಬಾಗಿಲ ಮೇಲೆ ಕರೆದೀಪ ಹತ್ತಿತು. ಬುಗುರಿ ಹಜಾರದ ತುದಿಯಲ್ಲಿ ಹಾಸಿಗೆ ಬಟ್ಟೆಗಳ ಬುಟ್ಟಿ ಹಿಡಿದು ನಿಂತಿದ್ದಳು. ಒಂಬತ್ತರಲ್ಲಿದ್ದವರು ಆಸ್ಪತ್ರೆಗೆ ಹೋಗಿ ವಾರವಾಗಿತ್ತು. ಆ ಕೋಣೆ ಖಾಲಿ. ಗಂಟೆ ಒತ್ತಿದ್ದು ಅಧಿಕಾರಿಯೇ, ಗಡಿಯಾರ ನೋಡುತ್ತ ನಿಂತಿದ್ದಾರೆ ಎಂದು ಅವಳಿಗೆ ಹೊಳೆಯಿತು. ಇದೇ ಸಮಯ. ಬುಟ್ಟಿ ಕೆಳಗಿಡದೆ ನಿಂತರೆ ಸಾಕು. ಹನ್ನೆರಡು ನಿಮಿಷ ಬಡಿಯಲಿ, ಮೇಷ್ಟ್ರಿಗೆ ಬಡಿದ ಹಾಗೆ. ಅವಳು ಮನಸ್ಸಿನಲ್ಲಿ ಎಣಿಸತೊಡಗಿದಳು. ಇಪ್ಪತ್ತು. ಮೂವತ್ತು. ಕಾಲ ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡವು. ನಲವತ್ತು. ಒಂದು ವೇಳೆ ಅಧಿಕಾರಿ ಅಲ್ಲದಿದ್ದರೆ? ಬಾಗಿಲು ತೆರೆದಿದ್ದ ಆ ಕೋಣೆಗೆ ಯಾರಾದರೂ ದಾರಿ ತಪ್ಪಿ ಹೊಕ್ಕು ಬಿದ್ದಿದ್ದರೆ?

"ಬುಗುರೀ, ಒಂಬತ್ತರಲ್ಲಿ ದೀಪ" ಎಂದರು ಮೇಷ್ಟ್ರು ತಮ್ಮ ಬಾಗಿಲಿಂದ. "ಕಿವಿ ಕೆಟ್ಟಿತಾ?"

ಬುಟ್ಟಿ ನೆಲಕ್ಕೆ ಬಿತ್ತು. ಅವಳು ಓಡಿದಳು. ಒಂಬತ್ತರಲ್ಲಿ ಅಧಿಕಾರಿ ಕೈಗಡಿಯಾರ ನೋಡಿ, "ಐವತ್ತೆರಡು ಸೆಕೆಂಡು. ತುಂಬ ಒಳ್ಳೆಯದು" ಎಂದು ನಕ್ಕರು. ಬುಗುರಿಗೆ ತನ್ನ ಕಾಲಿಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಆದರೂ ಮಾತಿನ ಸರದಿ ಬಾಕಿಯಿತ್ತು. ಊಟ ಬಡಿಸುವುದನ್ನು ಕೊನೆಯ ತಟ್ಟೆಯವರೆಗೂ ಕೂತು ನೋಡಿದ ಮೇಲೆ, ಅಧಿಕಾರಿ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಬಟ್ಟೆ ಕೋಣೆಗೆ ಕರೆದರು. ಬಾಗಿಲು ಹಾಕಿಕೊಂಡು ಮಡಿಸಿದ ಟವೆಲ್ಲುಗಳ ಎದುರು ಇಬ್ಬರೂ ಕೂತರು.

"ಮೇಡಂ, ಕೈ ಸಾಲಲ್ಲ" ಎಂದಳು ಬುಗುರಿ. ಮನೆಯಲ್ಲಿ ಹೇಳಿ ನೋಡಿದ್ದಕ್ಕಿಂತ ಚೆನ್ನಾಗಿಯೇ ಬಂತು. "ಹದಿನೆಂಟು ಜನಕ್ಕೆ ಇಬ್ಬರು. ಅಜ್ಜೀನ ತಿರುಗಿಸೋಕೆ ಇಬ್ಬರೂ ಬೇಕು. ಅಷ್ಟು ಹೊತ್ತು ಉಳಿದೋರಿಗೆ ಯಾರೂ ಇಲ್ಲ. ಮೇಷ್ಟ್ರು ಬಿದ್ದದ್ದು ಹಂಗೇ."

"ನಾನು ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ. ಎಲ್ಲ ಹೊತ್ತಿಗೆ ಸರಿಯಾಗಿ ನಡೀತಲ್ಲ."

"ಇವತ್ತು ಐದಕ್ಕೇ ಬಂದ್ವಿ ಮೇಡಂ."

"ಯಾಕೆ?"

ಬುಗುರಿ ಎದುರಿನ ಟವೆಲ್ಲಿನ ಮಡಿಕೆ ಸರಿಪಡಿಸಿದಳು. ಆಮೇಲೆ, "ನೀವು ಬರ್ತೀರಿ ಅಂತ" ಎಂದಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ನಾನು ಬರೋದು ತೊಂದರೆ ಎಲ್ಲಿದೆ ಅಂತ ನೋಡೋಕೆ. ನೀವು ಒಂದು ಗಂಟೆ ಮೊದಲೇ ಬಂದು ಅದನ್ನ ಗುಡಿಸಿ ಹಾಕಿದ್ದೀರಿ. ಈಗ ನಾನು ಏನು ಅಂತ ಬರೀಲಿ?"

"ನಾನು ಹೇಳ್ತಿದ್ದೀನಲ್ಲ ಮೇಡಂ."

"ಬಾಯಿ ಮಾತಿನ ಜೊತೆ ಇನ್ನೊಂದು ಸಾಕ್ಷಿ ಬೇಕು. ಕಣ್ಣಿಗೆ ಕಂಡಿರಬೇಕು, ಇಲ್ಲ ಕಾಗದದಲ್ಲಿ ಇರಬೇಕು. ಆಗಲೇ ನನ್ನ ಮಾತು ಮೇಲಿನವರ ಮುಂದೆ ನಿಲ್ಲೋದು. ಮೇಷ್ಟ್ರು ಬಿದ್ದದ್ದಕ್ಕೆ, ತಾವೇ ಎದ್ದು ಹೊರಟರು ಅಂತಷ್ಟೇ ಕಾಗದದಲ್ಲಿದೆ." ಅವರು ಅಜ್ಜಿಯ ಫೈಲು ತೆರೆದು ಮಗ್ಗುಲು ಬದಲಿಸುವ ಪಟ್ಟಿ ಹೊರತೆಗೆದರು. ದಿನಕ್ಕೊಂದು ಸಾಲು, ಎರಡು ಗಂಟೆಗೊಂದು ಚೌಕ, ತಿರುಗಿಸಿದವರು ಆ ಚೌಕದಲ್ಲಿ ಸಹಿ ಹಾಕಬೇಕು. "ಮೂರು ತಿಂಗಳ ಹಾಳೆ. ಹತ್ತು ಗಂಟೆಯ ಚೌಕ ನೋಡಿ. ಒಂದು ದಿನವೂ ಖಾಲಿ ಇಲ್ಲ. ಇದು ನಿಮ್ಮ ಸಹಿ ತಾನೆ?"

ಅವಳದೇ ಸಹಿ. ಆ ಮನೆಯಲ್ಲಿ ಯಾರೂ ತಿರುಗಿಸಿದ ಹೊತ್ತಿಗೆ ಸಹಿ ಹಾಕುತ್ತಿರಲಿಲ್ಲ. ಪೆನ್ನು ಹಿಡಿಯಲು ಪುರುಸೊತ್ತು ಯಾರಿಗಿತ್ತು? ಎರಡು ಗಂಟೆಗೆ, ಮನೆಗೆ ಹೊರಡುವ ಮುನ್ನ, ಎಲ್ಲ ಚೌಕಕ್ಕೂ ಒಟ್ಟಿಗೆ ಸಹಿ ಎಳೆದುಬಿಡುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಮುತ್ತು ಪೋಣಿಸೋದು'. ಮುತ್ತು ಪೋಣಿಸಿ ಆಯ್ತಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ನಗುತ್ತಿದ್ದರು. ಖಾಲಿ ಚೌಕ ಬಿಟ್ಟರೆ ಬೈಗುಳ ಬೀಳುತ್ತಿತ್ತು. ತುಂಬಿದ ಚೌಕವನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಇದು ಸುಳ್ಳು ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಹಾಳೆ ತುಂಬುವುದೂ ಮೇಜು ಒರೆಸುವಂತಹ ಒಂದು ಕೆಲಸವಾಗಿತ್ತು.

"ಇದರಲ್ಲಿ ಇರೋದೆಲ್ಲ ನಡೆದಿದೆಯಾ?" ಅಧಿಕಾರಿಯ ದನಿ ಮೆತ್ತಗಿತ್ತು. ಅವರು ದಾರಿ ಬಿಟ್ಟುಕೊಡುತ್ತಿದ್ದಾರೆ ಎಂದು ಬುಗುರಿಗೆ ಗೊತ್ತಾಯಿತು. ಇಲ್ಲ ಎಂದರೆ ಸಾಕಿತ್ತು. ಆದರೆ ಪಕ್ಕದ ಸಾಲಿನಲ್ಲಿ ಕಿರಿಯವಳ ಸಹಿ ಇತ್ತು. ಇಲ್ಲ ಎಂದರೆ ಮೂರು ತಿಂಗಳ ಸುಳ್ಳಿಗೆ ಇಬ್ಬರೂ ಬೀದಿಗೆ.

"ನಡೆದಿದೆ" ಎಂದಳು.

ಅಧಿಕಾರಿ ಇನ್ನೂ ಒಂದು ಕ್ಷಣ ಕಾದರು. ನಂತರ ಫೈಲು ಮುಚ್ಚಿದರು.

ಮೂರು ವಾರಕ್ಕೆ ವರದಿ ಬಂತು. ಮ್ಯಾನೇಜರ್ ಕೇಕ್ ತರಿಸಿ, ವರದಿಯ ಮೊದಲ ಪುಟವನ್ನು ಮುಂಬಾಗಿಲ ಗಾಜಿಗೆ ಅಂಟಿಸಿದರು. ಆರೈಕೆ: ಉತ್ತಮ. ಕರೆಗೆ ಸ್ಪಂದನೆ: ಉತ್ತಮ. ಸಿಬ್ಬಂದಿ: ಅಗತ್ಯಕ್ಕೆ ತಕ್ಕಷ್ಟು. ಮೇಷ್ಟ್ರು ಗಾಲಿಕುರ್ಚಿಯಲ್ಲಿ ಬಂದು, ಕನ್ನಡಕ ಏರಿಸಿ ಓದಿದರು.

"ಪರವಾಗಿಲ್ಲ ಬುಗುರಿ. ಕಾಪಿ ಹೊಡೆದು ಪಾಸಾಗಿದ್ದೀರಿ" ಎಂದರು. ಅವಳು ಕೇಕ್ ತಿನ್ನಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಮರುವಾರ, ಊಟ ತಿನ್ನಿಸಲು ಬರುತ್ತಿದ್ದ ಹೆಂಗಸನ್ನು ಮೇಲ್ಮಹಡಿಗೆ ಕಳಿಸಿದರು. ಬುಗುರಿ ಕೈ ಕೂಡ ಒರೆಸಿಕೊಳ್ಳದೆ ಮ್ಯಾನೇಜರರ ಕೋಣೆಗೆ ಹೋದಳು.

"ಸರ್, ಮೂರನೇ ಆಳು ಕೇಳಿದರೆ ಇದ್ದ ಅರ್ಧ ಆಳನ್ನೂ ಕಿತ್ಕೊಂಡ್ರಲ್ಲ."

"ನಾನೇನು ಮಾಡ್ಲಿ ಅಮ್ಮಾ? ಕೆಳಗೆ ತಕ್ಕಷ್ಟು ಜನ ಇದ್ದಾರೆ ಅಂತ ಅವರೇ ಬರೆದು ಕೊಟ್ಟಿದ್ದಾರೆ. ಮಾಲೀಕರು ಅದನ್ನ ಓದಿದ್ದಾರೆ." ಅವರು ಟೈ ಸರಿಪಡಿಸಿಕೊಂಡರು. "ನೀವು ಹೇಳಲಿಲ್ವಾ ಅವರಿಗೆ?"

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಕೆಳಗಿಳಿದಳು. ಸಂಜೆ ಮನೆಗೆ ಬಂದು, ತರಕಾರಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ ಎಲ್ಲವನ್ನೂ ಗಂಡನಿಗೆ ಒದರಿದಳು. ಸಹಿಯ ವಿಷಯವನ್ನೂ, ನಡೆದಿದೆ ಎಂದದ್ದನ್ನೂ, ಮೊದಲ ಸಲ ಹೇಳಿದಳು. ಅವನು ಕೇಳಿ ಮುಗಿಸಿ ತಲೆ ಕೆರೆದುಕೊಂಡ.

"ನೋಡು, ಲಿಫ್ಟ್ ಕೆಟ್ಟರೆ ನಾನು ಮಾಡೋ ಮೊದಲ ಕೆಲಸ ಏನು? ಕೆಟ್ಟಿದೆ ಅಂತ ಬೋರ್ಡು ನೇತು ಹಾಕ್ತೀನಿ. ನೀನು ಬೋರ್ಡು ಹಾಕೋದಿಲ್ಲ. ಲಿಫ್ಟಲ್ಲಿದ್ದೋರನ್ನ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸ್ತೀಯ. ಆಮೇಲೆ ಲಿಫ್ಟ್ ಸರಿ ಇದೆ ಅಂತ ಬರೆದುಬಿಟ್ಟರು ಅಂತ ನನ್ನ ಮುಂದೆ ಬದನೆಕಾಯಿ ಕೊಚ್ತೀಯ."

"ಹಂಗಾದರೆ ಹೊರಬಾರದಾ?"

"ಹೊರು. ಬೇಡ ಅಂದೋರು ಯಾರು? ಬೋರ್ಡೂ ಹಾಕು."

ಅವಳು ರೇಗಿ, ನಿನಗೇನು ಗೊತ್ತು, ನಿನ್ನ ಲಿಫ್ಟು ನೀರು ಕೇಳುತ್ತಾ ಎಂದಳು. ಆದರೆ ಮರುದಿನ ಎರಡು ಗಂಟೆಗೆ ಪಟ್ಟಿ ಕೈಗೆ ಬಂದಾಗ, ಎಂಟರ ಚೌಕಕ್ಕೆ ಸಹಿ ಹಾಕಿ, ಹತ್ತರದನ್ನು ದಾಟಿ, ಹನ್ನೆರಡರ ಚೌಕಕ್ಕೆ ಬಂದು ಅಲ್ಲಿಯೂ ಪೆನ್ನು ನಿಲ್ಲಿಸಿದಳು. ಊಟದ ಹೆಂಗಸು ಹೋದಮೇಲೆ ಹನ್ನೆರಡಕ್ಕೂ ನಾಲ್ಕು ಕೈ ಕೂಡಿರಲಿಲ್ಲ. ಕೆಂಪು ಗುರುತು ಈಗ ಅಂಗೈಯಷ್ಟಾಗಿತ್ತು.

"ಅಕ್ಕಾ, ಎರಡು ಬಿಟ್ಟಿದ್ದೀಯ" ಎಂದಳು ಕಿರಿಯವಳು.

"ಬಿಟ್ಟಿಲ್ಲ. ತಿರುಗಿಸಿಲ್ಲ, ಅದಕ್ಕೆ ಹಾಕಿಲ್ಲ. ನಿನ್ನನ್ನ ಇದರಲ್ಲಿ ಎಳೆಯಲ್ಲ. ಇನ್ನು ಮೇಲೆ ಅಜ್ಜಿಯ ಹಾಳೆಗೆ ನಾನೊಬ್ಬಳೇ ಸಹಿ ಹಾಕ್ತೀನಿ."

"ಹುಚ್ಚು ಹಿಡಿದಿದೆ ನಿನಗೆ" ಎಂದ ಕಿರಿಯವಳು ಪೆನ್ನನ್ನು ಅವಳ ಕೈಯಲ್ಲೇ ಬಿಟ್ಟು ಹೋದಳು.

ಮೂರನೆಯ ದಿನ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ಹಾಳೆ ಹರಡಿತ್ತು. "ಆರು ಚೌಕ ಖಾಲಿ. ಏನಿದು? ಮರೆತಿದ್ದರೆ ಈಗ ತುಂಬಿ, ಇಲ್ಲೇ."

"ಮರೆತಿಲ್ಲ ಸರ್. ತಿರುಗಿಸಲಿಲ್ಲ."

"ಹಂಗೆಲ್ಲ ಬಾಯಿಬಿಟ್ಟು ಹೇಳಬಾರದು. ಕರ್ತವ್ಯಲೋಪ ಅಂತಾರೆ ಇದಕ್ಕೆ. ನಾನು ನೋಟಿಸ್ ಕೊಡಬೇಕಾಗುತ್ತೆ. ಹದಿನಾಲ್ಕು ವರ್ಷದ ಸೇವೆ, ಯೋಚನೆ ಮಾಡಿ."

"ಕೊಡಿ."

ಅವರು ನಿಜವಾಗಿಯೂ ಕೊಟ್ಟರು. ಕರ್ತವ್ಯದಲ್ಲಿ ನಿರ್ಲಕ್ಷ್ಯ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದಾಗ ಅವಳಿಗೆ ಅಳು ಬಂತು. ನಿರ್ಲಕ್ಷ್ಯ ಎಂಬ ಮಾತು ಅವಳ ಹೆಸರಿನ ಮುಂದೆ ಬಂದದ್ದು ಅದೇ ಮೊದಲು; ಅದೂ ಅವಳ ನಿಜವಾದ ಹೆಸರಿನ ಮುಂದೆ. ಸುಳ್ಳು ಸಹಿ ಹಾಕಿದಷ್ಟು ದಿನ ಅವಳು ಒಳ್ಳೆಯ ಆಯಾ. ನಿಜ ಬರೆದ ಮೂರನೇ ದಿನಕ್ಕೆ ತಪ್ಪಿತಸ್ಥೆ. ಅತ್ತು ಮುಗಿಸಿ ವಿವರಣೆ ಬರೆಯಲು ಕೂತಳು. ಅಕ್ಷರ ದಪ್ಪ ದಪ್ಪ, ಸಾಲು ಏರಿಳಿತ.

'ಸೋಮವಾರ ಹತ್ತು ಗಂಟೆಗೆ ನಾನು ಹನ್ನೊಂದನೇ ಕೋಣೆಯವರನ್ನು ಸ್ನಾನದ ಮನೆಯಲ್ಲಿ ಹಿಡಿದುಕೊಂಡಿದ್ದೆ. ಇನ್ನೊಬ್ಬರು ಎರಡನೇ ಕೋಣೆ, ಐದನೇ ಕೋಣೆ, ಏಳನೇ ಕೋಣೆಯ ಕರೆಗೆ ಹೋಗಿದ್ದರು. ನಾಲ್ಕನೇ ಕೋಣೆಗೆ ಇಬ್ಬರು ಬೇಕು. ಮೂರನೆಯವರು ಇರಲಿಲ್ಲ. ಹನ್ನೆರಡು ಗಂಟೆಗೆ ಏಳು ಜನಕ್ಕೆ ಊಟ ತಿನ್ನಿಸುತ್ತಿದ್ದೆವು. ಆಗಲೂ ಮೂರನೆಯವರು ಇರಲಿಲ್ಲ. ಇದಕ್ಕೆ ಮುಂಚೆಯೂ ಹತ್ತು ಗಂಟೆಗೆ ಎಷ್ಟೋ ದಿನ ತಿರುಗಿಸಿಲ್ಲ, ಆದರೂ ನಾನು ಸಹಿ ಹಾಕಿದ್ದೇನೆ. ಅದು ನನ್ನ ತಪ್ಪು.'

ಮಂಗಳವಾರದ್ದನ್ನೂ ಬುಧವಾರದ್ದನ್ನೂ ಹಾಗೆಯೇ ಬರೆದಳು. ಮರುದಿನ ಮ್ಯಾನೇಜರರ ಮೇಜಿನ ಮೇಲಿಟ್ಟಳು. ಅವರು ಓದುತ್ತ ಹೋದಂತೆ ಕೈ ಟೈಗೆ ಹೋಗುವುದು ನಿಂತಿತು. ಕೊನೆಯ ಎರಡು ವಾಕ್ಯವನ್ನು ಎರಡು ಸಲ ಓದಿದರು.

"ಇದನ್ನ ಬರೆದುಕೊಟ್ಟರೆ ನಿಮ್ಮ ಕೆಲಸಕ್ಕೇ ಕುತ್ತು, ಗೊತ್ತಾ?"

"ಗೊತ್ತು ಸರ್. ಅಜ್ಜಿಯ ಫೈಲಿಗೆ ಹಾಕಿ."

"ಅಜ್ಜಿಯ ಫೈಲಿಗೆ ಯಾಕೆ? ಇದು ನಿಮ್ಮ ನೋಟಿಸಿನ ಉತ್ತರ, ನಿಮ್ಮ ಫೈಲಿಗೆ."

"ತಪಾಸಣೆಯವರು ಓದೋದು ಅಜ್ಜಿಯ ಫೈಲು."

ಮ್ಯಾನೇಜರ್ ಕಾಗದವನ್ನು ಮಡಚಲೂ ಇಲ್ಲ, ತೆಗೆದಿಡಲೂ ಇಲ್ಲ. ಅದರ ಮೇಲೆ ಗಾಜಿನ ಗುಂಡನ್ನಿಟ್ಟು, "ನೋಡೋಣ" ಎಂದರು.

"ಈಗಲೇ ಹಾಕಿ ಸರ್. ನೋಡಿಕೊಂಡು ಹೋಗ್ತೀನಿ."

"ನೀವಿಲ್ಲಿ ನಿಂತಿದ್ದರೆ ಕೆಳಗೆ ಒಬ್ಬಳೇ ಇದ್ದಾಳೆ ಅಮ್ಮಾ" ಎಂದರು ಅವರು, ಬಹಳ ಮೆತ್ತಗೆ.

ಅದು ನಿಜವೇ ಆಗಿತ್ತು. ಗಡಿಯಾರದಲ್ಲಿ ಎಂಟಕ್ಕೆ ಐದು ನಿಮಿಷ. ಬುಗುರಿ ಒಂದೆರಡು ಕ್ಷಣ ನಿಂತಳು, ಹೆಚ್ಚು ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು ನಾಲ್ಕನೇ ಕೋಣೆಗೆ ಹೋದಳು. ಕಿರಿಯವಳು ಆಗಲೇ ಮಂಚದ ಆ ಕಡೆ ನಿಂತಿದ್ದಳು. ಇಬ್ಬರೂ ಸೇರಿ ಅಜ್ಜಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಬುಗುರಿ ಅಲ್ಲಿಯೇ, ಆ ಹೊತ್ತಿಗೇ, ಎಂಟರ ಚೌಕಕ್ಕೆ ಸಹಿ ಹಾಕಿದಳು.

ಹತ್ತಕ್ಕೆ ಅಂದೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ವಾರದ ಕೊನೆಗೆ ಎರಡನೇ ನೋಟಿಸ್ ಬಂತು. ಅವಳು ಎರಡನೇ ಉತ್ತರ ಬರೆದಳು. ಮೊದಲನೆಯದು ಇನ್ನೂ ಮೇಜಿನ ಮೇಲೆ, ಗಾಜಿನ ಗುಂಡಿನ ಅಡಿಯಲ್ಲೇ ಇತ್ತು. ಎರಡನೆಯದನ್ನು ಅವಳು ಅದರ ಮೇಲೆಯೇ ಇಟ್ಟು ಬಂದಳು.